ಹಿಂಜುವ ಕೋಣೆಯ ಜರ್ಮನ್ ಲೋಟ

ಬನ್ನಿ, ಈ ಕಡೆ ಸರಿದು ಕೂತುಕೊಳ್ಳಿ. ಬಾಗಿಲಿಗೆ ಬೆನ್ನು ಕೊಡಬೇಡಿ, ಗಾಳಿ ಹೊಡೆಯುತ್ತದೆ. ಕೈಯಲ್ಲಿ ಕೆಲಸ ಇದ್ದರೆ ಇರಲಿ, ಕಾಳು ಆರಿಸುತ್ತಲೇ ಕೇಳಿ. ಒಂದು ಕಿವಿ ನನ್ನ ಕಡೆ ಇದ್ದರೆ ಸಾಕು.

ಇದು ಮಠದ ಗುರುವಿನ ಕತೆಯಲ್ಲ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಪಾಳು ಕಟ್ಟಡಗಳೊಳಗೆ ಅಡ್ಡಾಡುತ್ತಿದ್ದ ಒಬ್ಬ ಮುದುಕ, ಆತನ ಬೆನ್ನು ಹತ್ತಿದ ಒಬ್ಬ ಹುಡುಗಿ, ಇಬ್ಬರ ಕತೆ.

ನಮ್ಮದು ಗಿರಣಿ ಊರು. ಹೊಳೆಯ ದಂಡೆಗೆ ಅರಳೆ ಗಿರಣಿ. ಅದರ ಸುತ್ತ ಎಣ್ಣೆ ಕಾರ್ಖಾನೆ, ಬಣ್ಣದ ಮನೆ, ದೊಡ್ಡ ದೊಡ್ಡ ಗೋದಾಮು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದರೆ ಕೆಲಸಗಾರರಿದ್ದ ಚಾಳಿನ ನೂರು ಒಲೆಗಳ ಮೇಲೆ ಚಹಾ ಏರುತ್ತಿತ್ತು.

ಆಮೇಲೆ ಒಂದೊಂದಾಗಿ ಎಲ್ಲ ಮುಚ್ಚಿದವು. ಬೀಗರು ಎದ್ದುಹೋದ ಮದುವೆಮನೆಯ ಹಾಗೆ ಕಟ್ಟಡಗಳು ಮಾತ್ರ ನಿಂತಿದ್ದವು.

ಖಾಜಾಹುಸೇನ ಮಾಸ್ತರ ಮೂವತ್ತು ವರ್ಷ ಗಿರಣಿಯವರ ಗುರುತಿನ ಚೀಟಿಗೆ ಫೋಟೋ ತೆಗೆದವರು. ಊರಿನ ಅರ್ಧ ಜನರ ಮುಖ ಅವರ ಡಬ್ಬಿಯಲ್ಲಿತ್ತು. ಗಿರಣಿ ನಿಂತ ಮೇಲೆ ತೆಗೆಯುವುದಕ್ಕೆ ಮುಖ ಉಳಿಯಲಿಲ್ಲ. ಆ ಮುಖಗಳು ದುಡಿದ ಜಾಗಗಳನ್ನು ತೆಗೆಯಲು ಶುರುಮಾಡಿದರು.

“ಹುಚ್ಚು ಹಿಡದೈತಿ ಸಾಬಗ” ಅಂತ ಜನ ನಗುತ್ತಿದ್ದರು. ಮಾಸ್ತರೂ ನಗುತ್ತಿದ್ದರು.

ಅವರ ಹತ್ತಿರ ಕಲಿಯಲು ದಾನೇಶ್ವರಿ ಬಂದಳು. ಎಲ್ಲರ ಬಾಯಲ್ಲಿ ದಾನಿ. ಮದುವೆ ಫೋಟೋ ತೆಗೆಯುವ ಸ್ಟುಡಿಯೋದಲ್ಲಿ ಆರು ವರ್ಷ ಕೆಲಸ ಮಾಡಿದವಳು. ಮದುಮಗಳ ಗದ್ದ ಎತ್ತಿ, ಸೆರಗು ತಿದ್ದಿ, ಸೊಟ್ಟಗಿದ್ದ ಬಾಸಿಂಗ ನೆಟ್ಟಗೆ ಮಾಡಿ ಕೈ ಪಳಗಿದವಳು.

“ಮದುವಿ ಫೋಟೋ ಬ್ಯಾಸರ ಆತೇನವಾ?” ಮಾಸ್ತರ ಕೇಳಿದರು.

“ನಗ್ರಿ ಅಂದರ ಎಲ್ಲಾರೂ ನಗತಾರ್ರಿ. ಅಳೂ ಹೊತ್ತಿನಾಗೂ ನಗತಾರ.”

“ಪಾಳು ಗ್ವಾಡಿ ನಿನ್ನ ಮಾತು ಕೇಳಂಗಿಲ್ಲ.”

“ಅದಕ್ಕ ಬಂದೀನ್ರಿ ಮಾಸ್ತರ.”

ಮಾಸ್ತರ ಒಂದು ಕಪ್ ಚಹಾ ಕೊಟ್ಟರು. ಅಂದರೆ, ಸೇರಿಸಿಕೊಂಡರು.

ಮೊದಲನೆಯ ದಿನ ಬಣ್ಣದ ಮನೆಗೆ ಹೋದರು. ಬಾಗಿಲು ಕಿತ್ತುಹೋಗಿತ್ತು. ಆದರೂ ಮಾಸ್ತರ ಹೊಸ್ತಿಲ ಈಚೆ ನಿಂತು ಕೂಗಿದರು: “ಒಳಗ ಬರಲೇನ್ರಿ?”

ಸ್ವಲ್ಪ ಹೊತ್ತು ಕಾದರು. ಆಮೇಲೆ ಒಳಗೆ ಕಾಲಿಟ್ಟರು.

“ಒಳಗ ಯಾರೂ ಇಲ್ಲಲ್ರಿ” ಅಂದಳು ದಾನಿ.

“ಯಾರೂ ಬ್ಯಾಡ ಅನ್ನಲಿಲ್ಲಲ್ಲ.”

ಒಳಗೆ ಮೂರು ಕಾಲಿನ ಒಂದು ಕುರ್ಚಿ ಗೋಡೆಗೆ ಒರಗಿತ್ತು. ದಾನಿ ಕ್ಯಾಮೆರಾ ತೆಗೆಯುವ ಮುಂಚೆ ಅದನ್ನು ನೆಟ್ಟಗೆ ನಿಲ್ಲಿಸಿದಳು. ಕೈಗೆ ಅಂಟಿದ ಚಾಳಿ ನೋಡಿ, ಬುದ್ಧಿಗೆ ತಿಳಿಯುವ ಮುಂಚೆ ಕೈ ಕೆಲಸ ಮುಗಿಸಿತ್ತು.

ಮಾಸ್ತರ ಅದನ್ನು ನೋಡಿದರು. ಹೊರಗೆ ಹೋಗಿ ಕಲ್ಲಿನ ಮೇಲೆ ಕೂತರು.

ದಾನಿ ಬಹಳ ಹೊತ್ತು ಕಾದಳು. ಆಮೇಲೆ ಅರ್ಥವಾಗಿ ಕುರ್ಚಿಯನ್ನು ಮತ್ತೆ ಗೋಡೆಗೆ ಒರಗಿಸಿದಳು. ಮಾಸ್ತರ ಬಂದು ನೋಡಿದರು.

“ಹಿಂಗ ಇತ್ತೇನು?”

“ಹಿಂಗ ಇತ್ತ್ರಿ.”

“ಇನ್ನೊಂದು ಬೆರಳಷ್ಟು ಎಡಕ್ಕಿತ್ತು.”

ದಾನಿ ಒಂದು ಬೆರಳಷ್ಟು ಎಡಕ್ಕೆ ಸರಿಸಿದಳು.

“ಕೇಳು ಮಗಳ” ಅಂದರು ಮಾಸ್ತರ. “ಒಳಗ ಇದ್ದದ್ದನ್ನ ಮುಟ್ಟಬ್ಯಾಡ. ಬೆಳಕು ಸಾಲದಿದ್ದರ ಬೆಳಕು ಬರೂತನಕ ಕೂಡು. ಚಂದ ಕಾಣದಿದ್ದರ ನೀ ಬಗ್ಗು, ನೀ ಕೂಡು, ನೀ ಮಲಗು.”

ಮುಂದೆ ಎಂಟು ತಿಂಗಳು ದಾನಿ ಬಗ್ಗಿದಳು, ಕೂತಳು, ಧೂಳಿನಲ್ಲಿ ಹೊಟ್ಟೆ ಹಚ್ಚಿ ಮಲಗಿದಳು. ಅವಳ ಅವ್ವ “ಇವಳ ಬಟ್ಟಿ ಒಗದು ಒಗದು ನನ್ನ ರಟ್ಟಿ ಬಿದ್ದುವು” ಅಂತ ಚಾಳಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು.

ಆಮೇಲೆ ಸುದ್ದಿ ಬಂತು. ಅರಳೆ ಗಿರಣಿಯನ್ನು ಕೆಡವುತ್ತಾರೆ.

ಕೆಡವುವ ಮುಂಚೆ ಗಿರಣಿಯ ಫೋಟೋಗಳನ್ನು ಚಾಳಿನ ಸಮುದಾಯ ಭವನದಲ್ಲಿ ತೂಗುಹಾಕಬೇಕು, ದುಡಿದವರೆಲ್ಲ ಬಂದು ನೋಡಬೇಕು ಅಂತ ಮಾಸ್ತರ ಆಸೆಪಟ್ಟರು. ಗುರು ಶಿಷ್ಯೆ ದಿನಾ ಬೆಳಿಗ್ಗೆ ಗಿರಣಿಗೆ ಹೋಗತೊಡಗಿದರು. ಗೇಟಿನಲ್ಲಿ ಕಾವಲಿಗೆ ಫಕ್ಕೀರಪ್ಪ ಇದ್ದ. ಮೊದಲು ಅದೇ ಗಿರಣಿಯಲ್ಲಿ ದುಡಿದವನು, ಈಗ ಅದರ ಬೀಗ ಕಾಯುವವನು.

“ಬರ್ರಿ ಬರ್ರಿ” ಅನ್ನುತ್ತಿದ್ದ. “ನಾವು ದುಡಿಯೋ ಮುಂದ ಒಬ್ಬರೂ ನೋಡಾಕ ಬರಲಿಲ್ಲ. ಈಗ ಇಲಿ ನೋಡಾಕ ಇಬ್ಬರು ಬರತಾರ.”

ಗಿರಣಿಯಲ್ಲಿ ಮಗ್ಗದ ಸಾಲೆ ದೊಡ್ಡದು. ಹೊಳೆಯ ಕಡೆ ಸಾಲು ಕಿಟಕಿಗಳು. ಅದರ ಪಕ್ಕಕ್ಕೆ ಅರಳೆ ಹಿಂಜುವ ಕೋಣೆ. ಅದಕ್ಕೆ ಕಿಟಕಿ ಇಲ್ಲ. ಕಿಟಕಿ ಇದ್ದರೆ ಗಾಳಿಗೆ ಅರಳೆ ಹಾರುತ್ತದಲ್ಲ. ಅಲ್ಲಿ ದುಡಿದವರು ಹುಬ್ಬು ರೆಪ್ಪೆ ಎಲ್ಲ ಬೆಳ್ಳಗೆ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಎದೆಯೊಳಗೂ ಅದೇ ಅರಳೆ.

ಹಿಂಜುವ ಕೋಣೆಯ ಗೋಡೆಗೆ ನಲವತ್ತು ಗೂಟ. ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು. ನೀರು ಕುಡಿಯುವ ಲೋಟವನ್ನು ಎಲ್ಲರೂ ಮನೆಯಿಂದ ತಂದು, ಕಂಠಕ್ಕೆ ತೂತು ಕೊರೆದು, ನೂಲಿನ ದಾರ ಪೋಣಿಸಿ ತಮ್ಮ ಗೂಟಕ್ಕೆ ತೂಗುಹಾಕುತ್ತಿದ್ದರು. ಒಬ್ಬರ ಲೋಟ ಇನ್ನೊಬ್ಬರು ಮುಟ್ಟುವಂತಿಲ್ಲ.

ಗಿರಣಿ ಮುಚ್ಚಿದ ಮೇಲೆ ಅವರವರ ಸಾಮಾನು ಅವರವರು ಒಯ್ದರು. ಒಂದು ಲೋಟ ಮಾತ್ರ ಉಳಿದಿತ್ತು. ಬೆಳ್ಳಗಿನ ಜರ್ಮನ್ ಲೋಟ, ಅಂದರೆ ಅಲ್ಯುಮಿನಿಯಂದು, ಹಗುರಾದದ್ದು, ಒಂದು ಕಡೆ ನೆಗ್ಗಿದ್ದು, ಮೈಮೇಲೆ ಓದಲು ಬಾರದಷ್ಟು ಸವೆದ ಚುಕ್ಕಿಯ ಅಕ್ಷರ.

ಒಂದು ದಿನ ಮಾಸ್ತರ ಕೆಮ್ಮು ಬಂದು ಆ ಕೋಣೆಯಿಂದ ಹೊರಗೆ ಹೋಗಿದ್ದರು. ದಾನಿ ಒಬ್ಬಳೇ. ಆ ಕತ್ತಲಲ್ಲಿ ಲೋಟ ಕಣ್ಣಿಗೆ ಕಂಡರೂ ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ. ಬಗ್ಗಿದಳು, ಕೂತಳು, ಮಲಗಿದಳು. ಏನೂ ಬರಲಿಲ್ಲ.

ಪಕ್ಕದ ಸಾಲೆಯ ಕಿಟಕಿಯಲ್ಲಿ ಬೆಳಕು ಸುರಿಯುತ್ತಿತ್ತು.

ದಾನಿ ಬಾಗಿಲ ಕಡೆ ನೋಡಿದಳು. ಲೋಟ ಬಿಚ್ಚಿಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಹಿಂದೆ ಹೊಳೆ, ಒಡೆದ ಗಾಜು, ಲೋಟದ ಅಂಚಿನ ಮೇಲೆ ಬಿಸಿಲು. ಒಂದೇ ಒಂದು ಫೋಟೋ ತೆಗೆದಳು. ಅಷ್ಟರಲ್ಲಿ ಮಾಸ್ತರ ಕೆಮ್ಮು ಹತ್ತಿರ ಬಂತು. ಲೋಟ ಅಲ್ಲೇ ಉಳಿಯಿತು.

ಎಲ್ಲ ಫೋಟೋಗಳಿಗಿಂತ ಅದೇ ಚಂದ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮಾಸ್ತರ ಅದನ್ನು ಬಹಳ ಹೊತ್ತು ನೋಡಿದರು. ಏನೂ ಕೇಳದೆ, ದೊಡ್ಡದು ಮಾಡಿಸಿ ಭವನದ ಬಾಗಿಲ ಎದುರಿಗೇ ತೂಗುಹಾಕಿದರು.

ಏಣಿ ಹಿಡಿದವಳು ದಾನಿಯೇ. ಆದರೂ ಲೋಟ ಸರಿಸಿದ್ದನ್ನು ಬಾಯಿ ಬಿಡಲಿಲ್ಲ.

ಚಾಳಿನ ಜನ ಬಂದರು. “ಇದು ನನ್ನ ಮಗ್ಗ” ಅಂದರು, “ಈ ಮೂಲ್ಯಾಗ ಕೂತು ಉಣತಿದ್ವಿ” ಅಂದರು. ನಕ್ಕರು, ಮೂಗು ಒರೆಸಿಕೊಂಡರು.

ಆಮೇಲೆ ಕಲ್ಲವ್ವ ಬಂದಳು. ಗಂಡ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದು, ಗಿರಣಿ ಮುಚ್ಚಿದ ತಿಂಗಳಲ್ಲೇ ಎದೆಯ ಬೇನೆಯಿಂದ ತೀರಿಕೊಂಡಿದ್ದ. ಕಲ್ಲವ್ವ ಒಂದು ದಿನವೂ ಗಿರಣಿಯ ಒಳಗೆ ಕಾಲಿಟ್ಟವಳಲ್ಲ.

ದೊಡ್ಡ ಫೋಟೋದ ಮುಂದೆ ನಿಂತಳು. ಹತ್ತಿರ ಹೋದಳು. ಬೆರಳು ಇಟ್ಟಳು.

“ಇದು ನಂದು” ಅಂದಳು. “ತವರಮನಿಯವರು ಕೊಟ್ಟದ್ದು. ಚುಕ್ಕಿ ಹೊಡದು ನನ್ನ ಹೆಸರು ಹಾಕಿಸಿದ್ರು. ಓದಾಕ ಬರದಿದ್ದರೂ ನನ್ನ ಚುಕ್ಕಿ ನನಗ ಗೊತ್ತಿಲ್ಲೇನು?”

“ಫೋಟೋ ತಗದಾಕಿ ಈಕಿ” ಅಂತ ಯಾರೋ ದಾನಿಯನ್ನು ತೋರಿಸಿದರು.

ಕಲ್ಲವ್ವ ಅವಳ ಎರಡೂ ಕೈ ಹಿಡಿದುಕೊಂಡಳು. “ನಿನ್ನ ಹೊಟ್ಟಿ ತಣ್ಣಗಿರಲಿ ತಂಗಿ. ನಮ್ಮವರು ದಿನಾ ಹೇಳತಿದ್ರು, ‘ನನ್ನ ಜಾಗ ಕಿಟಕಿ ಬಾಜೂಕ ಐತಿ, ಹೊಳಿ ಗಾಳಿ ಬರತೈತಿ, ನೀ ಚಿಂತಿ ಮಾಡಬ್ಯಾಡ’ ಅಂತ. ನಾ ನಂಬಿರಲಿಲ್ಲ. ಅವರು ಕೆಮ್ಮಿದಾಗೊಮ್ಮೆ ಸುಳ್ಳ ಹೇಳತೀರಿ ಅಂತ ಜಗಳ ತಗದೀನಿ. ಸಾಯೂತನಕ ಜಗಳ ತಗದೀನಿ. ಇವತ್ತು ಕಣ್ಣಿಂದ ನೋಡಿದ್ನಲ್ಲ. ಖರೇನ ಹೇಳಿದ್ರು.”

ಆಮೇಲೆ ಒಂದು ಮಾತು ಕೇಳಿದಳು. “ಕೆಡವೂದಕ್ಕಿಂತ ಮೊದಲ ಒಮ್ಮೆ ಆ ಜಾಗಕ್ಕ ಕರಕೊಂಡು ಹೋಗತೀಯೇನು? ಒಂದು ಗಳಿಗಿ ನಿಂತು ಬರತೀನಿ.”

ಕೆಡವುವುದು ಸೋಮವಾರ. ಆವತ್ತು ಶುಕ್ರವಾರ.

ಸಂಜೆ ಮಾಸ್ತರ ಹೊಳೆಯ ಮೆಟ್ಟಿಲ ಮೇಲೆ ಕಾಲು ತೊಳೆಯುತ್ತ ಕೂತಿದ್ದರು. ದಾನಿ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತಳು.

“ಲೋಟ ನಾ ಸರಿಸಿದ್ದೆ.”

“ಗೊತ್ತೈತಿ.”

“ಮತ್ತ ಯಾಕ ತೂಗುಹಾಕಿದ್ರಿ?”

“ದಿನಾ ಅದರ ಎದುರಿಗೆ ನಿಂತು ನಿನಗ ನಾಚಿಕಿ ಆಗಲಿ ಅಂತ.” ಮಾಸ್ತರ ನೀರು ನೋಡುತ್ತ ಹೇಳಿದರು. “ಆ ಲೋಟದ ಹಿಂದ ಒಂದು ಜೀವ ಐತಿ ಅನ್ನೂದು ನನಗೂ ಹೊಳೀಲಿಲ್ಲ. ನಿಂದು ಒಂದು ತಪ್ಪು, ನಂದು ಒಂದು.”

ದಾನಿ ಅತ್ತಳು. ಮಾಸ್ತರ ಅವಳನ್ನು ಅಳಲು ಬಿಟ್ಟರು.

“ಖರೇ ಹೇಳಿದರ ಆಕಿ ಎದಿ ಒಡೀತೈತಿ. ಸುಳ್ಳು ಹೇಳಿದರ ನಾ ಇನ್ನ ಕ್ಯಾಮೆರಾ ಮುಟ್ಟಾಂಗಿಲ್ಲ. ಏನ ಮಾಡಲಿ ಮಾಸ್ತರ?”

“ಯಾವ ಗೂಟದಾಗ ಇತ್ತು?”

“ಏನು?”

“ಲೋಟ. ನಲವತ್ತರಾಗ ಯಾವ ಗೂಟ?”

ದಾನಿಗೆ ನೆನಪಿರಲಿಲ್ಲ.

“ಮೊದಲ ಅದನ್ನ ಹುಡುಕು. ಹೇಳೂದು ಬಿಡೂದು ಆಮ್ಯಾಲ ನೋಡೂಣು.”

“ನಿಮಗ ಗೊತ್ತಿರಬೇಕಲ್ರಿ.”

“ಗೊತ್ತೈತಿ. ಹೇಳಂಗಿಲ್ಲ.”

ಶನಿವಾರ ಬೆಳಗಿನಿಂದ ದಾನಿ ಹಿಂಜುವ ಕೋಣೆಯ ಗೋಡೆಯನ್ನು ಟಾರ್ಚು ಹಿಡಿದು ನೋಡಿದಳು. ಒಂದೊಂದೇ ಗೂಟ. ಜೇಡರ ಬಲೆ, ಹಳೆಯ ಎಣ್ಣೆಯ ಜಿಡ್ಡು, ಅದರ ಮೇಲೆ ಬೆಕ್ಕಿನ ತುಪ್ಪಳದ ಹಾಗೆ ಕೂತ ಅರಳೆಯ ಧೂಳು. ಮಧ್ಯಾಹ್ನದ ಹೊತ್ತಿಗೆ ಕಟ್ಟಕಡೆಯ ಮೂಲೆಯಲ್ಲಿ, ಹಿಂಜುವ ಯಂತ್ರದ ಬಾಯಿಗೆ ಹತ್ತಿಕೊಂಡೇ ಇದ್ದ ಗೂಟದ ಕೆಳಗೆ, ಲೋಟದ ಆಕಾರದ ಒಂದು ಬಿಳಿ ಕಲೆ ಕಂಡಿತು. ಅಷ್ಟು ಜಾಗದಲ್ಲಿ ಧೂಳಿಲ್ಲ.

ಇಡೀ ಗಿರಣಿಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇರಲಿಲ್ಲ.

ಕಿಟಕಿಯಿಂದ ಲೋಟ ತಂದು ತೂಗುಹಾಕಿದಳು. ಕಲೆಯ ಮೇಲೆ ಸರಿಯಾಗಿ ಕೂತಿತು. ಹೊರಗೆ ಬಂದು ಮಾಸ್ತರಿಗೆ ಹೇಳಿದಳು.

“ಸಿಕ್ತ್ರಿ. ಸಿಗದಿದ್ದರ ಚಲೋ ಇತ್ತು. ಆಕಿ ಸಂತೋಷ ನಾ ಹ್ಯಾಂಗ ಕಸಗೊಳ್ಳಲಿ?”

“ಆ ಸಂತೋಷ ನೀ ಕೊಟ್ಟದ್ದೇನು?” ಅಂದರು ಮಾಸ್ತರ. “ಮೂವತ್ತೊಂದು ವರ್ಷ ಆಕಿ ಗಂಡ ಹೊತ್ತು ತಂದು ಕೊಟ್ಟಾನ. ನಿನ್ನ ಕೈ ತಾಗಿ ಒಡಿಯಾಕ ಅದೇನು ಬಳೀನಾ?”

ಭಾನುವಾರ ಕಲ್ಲವ್ವ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದಳು. ಕೈಯಲ್ಲಿ ಒಂದು ತಂಬಿಗೆ ನೀರು.

ಗೇಟಿನ ಒಳಗೆ ನಾಲ್ಕು ಹೆಜ್ಜೆ ಹಾಕಿರಲಿಲ್ಲ. ದಾನಿ ಅಡ್ಡ ನಿಂತಳು.

“ಅಮ್ಮಾ, ಲೋಟ ಕಿಟಕಿಯಾಗ ಇರಲಿಲ್ಲ. ಫೋಟೋ ಚಂದ ಬರಲಿ ಅಂತ ನಾ ಒಯ್ದು ಇಟ್ಟಿದ್ದೆ. ನಿಮ್ಮ ಮನಿಯವರ ಜಾಗ ಬ್ಯಾರೆ ಐತಿ.”

ಕಲ್ಲವ್ವನ ಮುಖ ಸಣ್ಣದಾಯಿತು.

“ಎಲ್ಲೈತಿ?”

ದಾನಿ ಮುಂದೆ ನಡೆದಳು. ಹಿಂಜುವ ಕೋಣೆಯ ಹೊಸ್ತಿಲಲ್ಲಿ ಮಾಸ್ತರ ಎಂದಿನಂತೆ “ಒಳಗ ಬರಲೇನ್ರಿ?” ಅಂದರು. ಫಕ್ಕೀರಪ್ಪ ಕಂದೀಲು ಹಿಡಿದು ಹಿಂದೆ ಬಂದ.

ಕಲ್ಲವ್ವ ಗೂಟದ ಮುಂದೆ ನಿಂತಳು. ಲೋಟ ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಲ್ಲಿಯೂ ಕಿಟಕಿ ಇರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಇಲ್ಲಿ” ಅಂದಳು. ಕೇಳಿದಳೋ, ಹೇಳಿದಳೋ.

ದಾನಿ ನೆಲ ನೋಡಿದಳು.

“ಮತ್ತ ಹೊಳಿ ಸುದ್ದಿ ಎಲ್ಲಿಂದ ತರತಿದ್ರು?” ಕಲ್ಲವ್ವನ ದನಿ ಏರಿತು. “ದಿನಾ ಸಂಜೀಕ ಬಂದು ಹೇಳತಿದ್ರು. ಇವತ್ತು ಹೊಸ ನೀರು ಬಂತು, ಕೆಂಪಗೈತಿ. ಇವತ್ತು ಕೊಕ್ಕರಿ ಬಂದುವು. ಇವತ್ತು ಒಂದು ಎಮ್ಮಿ ಈಸಿ ಆಚಿ ದಂಡಿಗೆ ಹೋತು. ಈ ಕತ್ತಲದಾಗ ಕೂತು ಕಟ್ಟಿ ಕಟ್ಟಿ ಹೇಳತಿದ್ರೇನು ನನಗ?”

ಫಕ್ಕೀರಪ್ಪ ಕಂದೀಲು ಎತ್ತಿದ. ಲೋಟ ಸರಿಯಾಗಿ ನೋಡಿದ.

“ಅರೆ, ಇದು ಸೋಮನಿಂಗನ ಲೋಟ” ಅಂದ. “ಯಕ್ಕಾ, ನೀ ಸೋಮನಿಂಗನ ಮನಿಯಾಕಿ ಏನು?”

ಕಲ್ಲವ್ವ ತಲೆಯಾಡಿಸಿದಳು.

“ಕಟ್ಟಿ ಹೇಳತಿರಲಿಲ್ಲ ಯಕ್ಕಾ. ನಾ ಇದ ಕೋಣ್ಯಾಗ ಅವನ ಬಾಜೂಕ ಹತ್ತೊಂಬತ್ತು ವರ್ಷ ದುಡದೀನಿ. ಮಧ್ಯಾಹ್ನ ಅರ್ಧ ತಾಸು ಬಿಡುವು. ನಾವೆಲ್ಲ ಬುತ್ತಿಗೆ ಬಡದಾಡತಿದ್ವಿ. ಆಂವ ಬುತ್ತಿ ಬಿಚ್ಚತಿರಲಿಲ್ಲ. ಮೊದಲು ಲೋಟ ತಗೊಂಡು, ನೀರು ತುಂಬಿಕೊಂಡು ಮಗ್ಗದ ಸಾಲಿ ಕಿಟಕಿಗೆ ಹೋಗತಿದ್ದ. ಒಂದು ಲೋಟ ನೀರು ಎಷ್ಟೊತ್ತು ಕುಡೀತಾರ್ರಿ? ಆಂವ ಕಾಲು ತಾಸು ಕುಡೀತಿದ್ದ. ‘ಏನಲೇ ಸೋಮ್ಯಾ, ಹೊಳಿ ಕುಡದು ಬರಿದು ಮಾಡಾಂವ ಏನು’ ಅಂತ ನಗತಿದ್ವಿ.”

“ಏನ ಅಂತಿದ್ರು?” ಕಲ್ಲವ್ವ ಕೇಳಿದಳು.

“‘ಮನಿಗೆ ಸುದ್ದಿ ಒಯ್ಯಬೇಕಲೇ, ಕೇಳಾಕಿ ಒಬ್ಬಾಕಿ ಅದಾಳ’ ಅಂತಿದ್ದ.”

ಕಲ್ಲವ್ವ ಗೋಡೆಗೆ ಕೈ ಊರಿದಳು. ಅಳುತ್ತಾಳೆ ಅಂದುಕೊಂಡಳು ದಾನಿ. ಅತ್ತಳು ಕೂಡ. ಆದರೆ ಅಳುವಿನ ಮಧ್ಯದಲ್ಲೇ ನಗು ಬಂತು.

“ಕಳ್ಳ” ಅಂದಳು. “ಖರೇ ಹೇಳಿದಂಗೂ ಆತು, ಸುಳ್ಳು ಹೇಳಿದಂಗೂ ಆತು. ಬುತ್ತಿ ಯಾಕ ಅರ್ಧ ಉಳದೈತಿ ಅಂತ ಕೇಳಿದರ, ‘ನಿನ್ನ ರೊಟ್ಟಿ ದಪ್ಪ ಆಗ್ಯಾವ’ ಅಂತಿದ್ರು. ತಿಂಗಳಾನುಗಟ್ಟಲೆ ತೆಳ್ಳಗ ಬಡದೀನಲ್ಲ ನಾ, ಕೈ ಉರಿಯೂಹಂಗ.”

ಫಕ್ಕೀರಪ್ಪನೂ ನಕ್ಕ, ಕಂದೀಲು ಅಲ್ಲಾಡಿತು.

ಕಲ್ಲವ್ವ ಲೋಟ ಬಿಚ್ಚಿಕೊಂಡಳು. ಸೆರಗಿನಿಂದ ಒರೆಸಿದಳು. ತಂಬಿಗೆಯ ನೀರು ತುಂಬಿಕೊಂಡು ಮಗ್ಗದ ಸಾಲೆಗೆ ನಡೆದಳು. ಕಿಟಕಿಯ ಮುಂದೆ ನಿಂತು ಹೊಳೆ ನೋಡುತ್ತ ಕುಡಿದಳು. ಕಾಲು ತಾಸು ಹಿಡಿಯಿತು.

ಆ ಹೊತ್ತಿನಲ್ಲಿ ದಾನಿ ಕ್ಯಾಮೆರಾ ಎತ್ತಬಹುದಿತ್ತು. ಬೆಳಕೂ ಇತ್ತು. ಎತ್ತಲಿಲ್ಲ.

ಕಲ್ಲವ್ವ ತಿರುಗಿದಳು. “ಲೋಟ ಮನಿಗೆ ಒಯ್ಯತೀನಿ” ಅಂದಳು. “ಬೀಳೂ ಗ್ವಾಡಿಗೆ ಯಾಕ ಬಿಡಲಿ?”

“ನಿಮ್ಮದ ಐತ್ರಿ ಅಮ್ಮಾ.”

“ನೀ ಹೇಳದ ಬಿಟ್ಟಿದ್ದರ, ಈ ಕಾಲು ತಾಸಿನ ಸುದ್ದಿ ನನಗ ಸಿಗತಿರಲಿಲ್ಲ.” ದಾನಿಯ ಗಲ್ಲ ಹಿಂಡಿದಳು, ಸ್ವಲ್ಪ ಜೋರಾಗೇ. “ಆದರೂ ಮಂದಿ ಲೋಟ ಮುಟ್ಟಬ್ಯಾಡ.”

ಎಲ್ಲರೂ ಹೋದ ಮೇಲೆ ದಾನಿ ಹಿಂಜುವ ಕೋಣೆಗೆ ಮರಳಿ ಹೋದಳು. ಹೊಸ್ತಿಲಲ್ಲಿ ನಿಂತು ತಾನೇ ಕೇಳಿದಳು. ಕಾದಳು. ಒಳಗೆ ಕೂತಳು. ಮೂರು ಗಂಟೆಯ ಹೊತ್ತಿಗೆ ಸೂರಿನ ಒಂದು ಒಡಕಿನಿಂದ ಬೆರಳಗಲದ ಬಿಸಿಲು ಬಂದು ಗೋಡೆಯ ಮೇಲೆ ಹರಿಯಿತು. ಖಾಲಿ ಗೂಟ. ಅದರ ಕೆಳಗೆ ಲೋಟದ ಬಿಳಿ ಕಲೆ. ಅದನ್ನು ತೆಗೆದಳು.

ಭವನದಲ್ಲಿ ಹಳೆಯ ಫೋಟೋ ಇಳಿಸಿ ಇದನ್ನು ತೂಗುಹಾಕಿದಳು. “ಇದರಾಗ ಏನೂ ಇಲ್ಲಲ್ಲವಾ” ಅಂದರು ಕೆಲವರು. ಹಿಂಜುವ ಕೋಣೆಯಲ್ಲಿ ದುಡಿದವರು ಮಾತ್ರ ಬಹಳ ಹೊತ್ತು ನಿಂತು ಹೋದರು.

ಇನ್ನು ಯಾರು ಯಾರು ಏನಾದರು ಅಂತ ಹೇಳಿಬಿಡುತ್ತೇನೆ. ಅರ್ಧಕ್ಕೆ ಬಿಟ್ಟರೆ ನಿಮಗೆ ಉಂಡದ್ದು ಇಳಿಯುವುದಿಲ್ಲ.

ಗಿರಣಿ ಮೂರು ವಾರದಲ್ಲಿ ನೆಲಸಮವಾಯಿತು. ಈಗ ಅಲ್ಲಿ ಬಸ್ಸು ನಿಲ್ಲುತ್ತವೆ. ಫಕ್ಕೀರಪ್ಪ ಮಗಳ ಊರಿಗೆ ಹೋದ. ಅಲ್ಲಿ ಕಾಯುವುದಕ್ಕೆ ಏನೂ ಇಲ್ಲದೆ ಮೊಮ್ಮಕ್ಕಳ ಚಪ್ಪಲಿ ಕಾಯುತ್ತಾನಂತೆ.

ಕಲ್ಲವ್ವ ಇನ್ನೂ ಏಳು ವರ್ಷ ಇದ್ದಳು. ಚಹಾ ಕುಡಿದರೆ ಅದೇ ಲೋಟದಲ್ಲಿ. ಹೊಳೆಗೆ ಹೋಗಿ ಬಂದು, ಗಂಡನ ಫೋಟೋದ ಮುಂದೆ ಕೂತು ಅಲ್ಲಿಯ ಸುದ್ದಿ ಹೇಳುತ್ತಿದ್ದಳು. ಅವಳು ಹೋದ ಮೇಲೆ ಲೋಟವನ್ನು ಸೊಸೆ ಇಟ್ಟುಕೊಂಡಳು.

ದಾನಿ ದೊಡ್ಡ ಹೆಸರು ಮಾಡಲಿಲ್ಲ, ಒಳ್ಳೆಯ ಹೆಸರು ಮಾಡಿದಳು. ಮುಚ್ಚಿದ ಕಾರ್ಖಾನೆ ಎಲ್ಲಿದ್ದರೂ ಹುಡುಕಿಕೊಂಡು ಹೋಗುತ್ತಾಳೆ. ಅವಳ ಹತ್ತಿರವೂ ಈಗ ಇಬ್ಬರು ಕಲಿಯುತ್ತಾರೆ, ಬಟ್ಟೆ ಕೊಳೆ ಮಾಡಿಕೊಳ್ಳುತ್ತಾರೆ.

ಮಾಸ್ತರ ಇದ್ದಾರೆ. ಕಣ್ಣು ಪೂರಾ ಹೋಗಿವೆ. ಪ್ರತಿ ಶುಕ್ರವಾರ ನಮಾಜು ಮುಗಿದ ಮೇಲೆ ದಾನಿ ಹೊಸ ಫೋಟೋಗಳ ಕಟ್ಟು ತಂದು ಅವರ ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳುತ್ತಾಳೆ. ಗೋಡೆ ಹೇಗಿದೆ, ಬೆಳಕು ಎಲ್ಲಿಂದ ಬಿದ್ದಿದೆ, ನೆಲದ ಮೇಲೆ ಏನು ಉಳಿದಿದೆ. ಮಾಸ್ತರ ಮುಖ ಮೇಲೆತ್ತಿ ಕೇಳುತ್ತಾರೆ.

ಒಂದು ದಿನ ಹೀಗೆ ಹೇಳುತ್ತ ಹೇಳುತ್ತ ದಾನಿ ನಿಲ್ಲಿಸಿದಳು.

“ಮಾಸ್ತರ, ಇದರಾಗ ಇಲ್ಲದ್ದನ್ನ ಐತಿ ಅಂತ ನಾ ಹೇಳಿದರ, ನಿಮಗ ಹ್ಯಾಂಗ ಗೊತ್ತಾಗತೈತಿ?”

“ಗೊತ್ತಾಗಂಗಿಲ್ಲ ಮಗಳ” ಅಂದರು ಮಾಸ್ತರ. “ಮುಂದಿಂದು ಹೇಳು.”